ಫೋನ್ ಎತ್ತುವವರಿಗೆ ಸಂಬಳ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ನಾಪೋಕ್ಲು, ಶನಿವಾರಸಂತೆ, ಶ್ರೀಮಂಗಲ, ನೀವು ಎಲ್ಲೇ ಇರಿ, ಇವತ್ತು ನಾನು ಹೇಳುವುದು ಒಂದೇ ಮಾತು. ಕೊಡಗಿಗೆ ಒಂದು ಮಾಹಿತಿ ಸಹಾಯವಾಣಿ ಬೇಕು. ಅಲ್ಲಿ ಫೋನ್ ಎತ್ತುವವರಿಗೆ ಸರ್ಕಾರದ ದುಡ್ಡಿನಲ್ಲಿ ತಿಂಗಳು ತಿಂಗಳು ಸಂಬಳ ಸಿಗಬೇಕು.

ಸಹಾಯವಾಣಿಗಳು ಈಗಲೇ ಇವೆಯಲ್ಲ ಅನ್ನುತ್ತೀರಿ. ಇವೆ. ತುರ್ತಿಗೆ 112, ಆಂಬುಲೆನ್ಸಿಗೆ 108, ಮಕ್ಕಳಿಗೆ 1098, ಹೆಣ್ಣುಮಕ್ಕಳಿಗೆ 181, ಹಿರಿಯರಿಗೆ 14567, ಮಳೆಗಾಲದ ಅನಾಹುತಕ್ಕೆ 1077. ಎಲ್ಲವೂ ಬೇಕಾದವೇ. ಆದರೆ ತನ್ನ ಕಷ್ಟ ಯಾವ ನಂಬರಿಗೆ ಸೇರಿದ್ದು ಅಂತಲೇ ಗೊತ್ತಿಲ್ಲದವರು ಯಾರನ್ನು ಕೇಳಬೇಕು?

ನಾನು ಕಂಡ ಒಂದು ಸಂಸಾರದ ವಿಷಯ ಹೇಳುತ್ತೇನೆ. ತೋಟದ ಲೈನ್ ಮನೆಯಲ್ಲಿರುವವರು. ಗಂಡ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಿಂದ ಮನೆಗೆ ಬಂದ, ಎದ್ದು ಓಡಾಡಲು ಆಗಲಿಲ್ಲ. ಪಿಂಚಣಿ ಸಿಗುತ್ತದೆ ಅಂತ ಯಾರೋ ಹೇಳಿದರು. ಹೆಂಡತಿ ಕೂಲಿ ಬಿಟ್ಟು ಒಂದು ಕಚೇರಿಗೆ ಹೋದಳು. ಅಂಗವಿಕಲರ ಕಾರ್ಡ್ ಮಾಡಿಸಿಕೊಂಡು ಬಾ ಅಂದರು. ಇನ್ನೊಂದು ಕಡೆ ಹೋದಳು. ಗಂಡನನ್ನೇ ಕರೆತರಬೇಕಮ್ಮ, ಇವತ್ತು ಆ ಡಾಕ್ಟರು ಬರುವ ದಿನವೂ ಅಲ್ಲ ಅಂದರು. ಸಾಲ ಮಾಡಿ ಜೀಪು ಗೊತ್ತುಮಾಡಿದಳು. ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಗಂಡನನ್ನು ಮಲಗಿಸಿಕೊಂಡು ಬಂದಳು. ನೋಡಿದರೆ ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮತ್ತೆ ವಾಪಸ್. ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಅನ್ನಬೇಡಿ. ಆ ಊರಿಗೆ ಬರುವುದು ಖಾಸಗಿ ಬಸ್ಸು, ಶಕ್ತಿ ಯೋಜನೆ ಅದಕ್ಕಿಲ್ಲ. ನನ್ನ ಹತ್ತಿರ ಬಂದಾಗ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಅಂಚೆಲ್ಲ ಮಳೆಗೆ ನೆನೆದು ಅಂಟಿಕೊಂಡಿತ್ತು. "ಅಕ್ಕಾ, ಇದರಲ್ಲಿ ಯಾವುದು ಬೇಕೋ ನೀವೇ ತೆಗೆದುಕೊಳ್ಳಿ" ಅಂದಳು.

ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದೇ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ಹಾಕಿಸುವುದು, ದಾಖಲೆ ಸರಿಪಡಿಸಲು ದಾರಿ ತೋರಿಸುವುದು ಅವರ ಕೆಲಸವೇ. ಅವಳ ಪಂಚಾಯಿತಿಯಲ್ಲೂ ಇದ್ದರು. ಇದನ್ನು ಅವಳಿಗೆ ಒಬ್ಬರೂ ಹೇಳಿರಲಿಲ್ಲ. ಒಂದು ಫೋನಿನಲ್ಲಿ ಮುಗಿಯುವ ಮಾತಿಗೆ ಅಷ್ಟು ಅಲೆದಾಟ! ನನಗೆ ಸಿಟ್ಟು ಬರುವುದೇ ಇಲ್ಲಿ.

ಯಾವ ಕಷ್ಟಕ್ಕೆ ಎಲ್ಲಿಗೆ ಹೋಗಬೇಕು ಅಂತ ಹೇಳಲೆಂದೇ ಅಮೆರಿಕದಲ್ಲಿ 211 ಅಂತ ಒಂದು ನಂಬರ್ ಇದೆ. 1997ರಲ್ಲಿ ಅಟ್ಲಾಂಟಾದಲ್ಲಿ ಶುರುವಾಯಿತು. 2000ದಲ್ಲಿ ಇಡೀ ದೇಶಕ್ಕೆ ಮೀಸಲಿಟ್ಟರು. ನಂಬರ್ ಮೀಸಲಿಟ್ಟರು, ಜೊತೆಗೆ ದುಡ್ಡು ಇಡಲಿಲ್ಲ. ಒಂದೊಂದು ಊರಿನವರೂ ದೇಣಿಗೆ, ರಾಜ್ಯದ ಅನುದಾನ ಅಂತ ಹೊಂದಿಸಿಕೊಳ್ಳಬೇಕಾಯಿತು. ಆ ಪಾಡು ನಮಗೆ ಬೇಡ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಹುಡುಗರು ತಮ್ಮ ಮೊಬೈಲ್ ನಂಬರುಗಳನ್ನೇ ಸಹಾಯವಾಣಿ ಮಾಡಿಕೊಂಡು ದುಡಿದರು. ಅವರಿಗೆ ಕೈಮುಗಿಯಬೇಕು. ಆದರೆ ಮನೆ ಯಾವಾಗ, ಪರಿಹಾರ ಎಲ್ಲಿ, ಕೊಚ್ಚಿಹೋದ ಪತ್ರಗಳಿಗೆ ಏನು ಗತಿ ಅನ್ನುವ ಪ್ರಶ್ನೆ ಶುರುವಾಗಿದ್ದು ಮಳೆ ನಿಂತ ಮೇಲೆ. ಆಗ ಅವರು ತಮ್ಮ ಹೊಟ್ಟೆಪಾಡಿಗೆ ಮರಳಲೇಬೇಕಿತ್ತು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಫೋನ್ ಎತ್ತುವವರಿಗೆ ಸಂಬಳ ಬೇಕು.

ಅಧಿಕಾರಿಗಳ ವರ್ಗ ಆಗುತ್ತದೆ, ಡಾಕ್ಟರು ಬರುವ ದಿನ ಬದಲಾಗುತ್ತದೆ. ವಾರ ವಾರ ಕೇಳಿ ತಿದ್ದಿ ಬರೆದಿಡಲು ಒಬ್ಬರು ಬೇಕು. ಕನ್ನಡದ ಜೊತೆ ಕೊಡವ, ಅರೆಭಾಷೆ, ಮಲಯಾಳ ಬಲ್ಲವರು ಬೇಕು. ಯರವ ಬುಡಕಟ್ಟಿನವರ ಹಾಡಿಗಳಿಂದ ಬರುವ ಕರೆಗೆ ಯರವ ಮಾತಾಡುವವರೇ ಬೇಕು.

ಸಮಯ ಮುಗಿಯುತ್ತಿದೆ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆ ಇಡಿ. ಜಿಲ್ಲಾ ಪಂಚಾಯಿತಿ ಬಜೆಟ್ಟಿನಲ್ಲಿ ಸಹಾಯವಾಣಿಯ ಸಂಬಳಕ್ಕೆ ಪ್ರತಿ ವರ್ಷ ದುಡ್ಡು ತೆಗೆದಿಡಲಿ ಅಂತ ಕೇಳಿ. ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ನೋಡಿಯೇ ಎದ್ದು ಬನ್ನಿ. ನಮಸ್ಕಾರ.