ಕಾಗದದಲ್ಲಿ ಮುಹೂರ್ತ ಇದೆ, ಊಟ ಎಲ್ಲಿ?

ಕೇಳುಗರಿಗೆಲ್ಲ ನಮಸ್ಕಾರ. ಉಡುಪಿ, ಮಂಗಳೂರು ಕಡೆಯ ಮದುವೆಗಳಲ್ಲಿ 32 ವರ್ಷದಿಂದ ಅಡುಗೆ ಮಾಡಿಕೊಂಡು ಬಂದವನು ನಾನು. ಒಲೆ ಮುಂದೆ ನಿಂತು ಗೊತ್ತು, ಮೈಕ್ ಮುಂದೆ ಕೂತು ಗೊತ್ತಿಲ್ಲ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಮದುವೆಗೆ ಕರೆಯುವಾಗಲೇ ಊಟಕ್ಕೆ ಏನೇನು ಅಂತ ಹೇಳಿಬಿಡಿ.

ನಿಮ್ಮ ಮನೆಗೆ ಬಂದ ಯಾವುದಾದರೂ ಮದುವೆ ಕಾಗದ ತೆಗೆದು ನೋಡಿ. ಅಭಿಜಿನ್ ಲಗ್ನ, 12 ಗಂಟೆ 20 ನಿಮಿಷ. ಅಜ್ಜನ ಹೆಸರು, ಅಜ್ಜಿಯ ಹೆಸರು, ಬಸ್‌ಸ್ಟ್ಯಾಂಡಿನಿಂದ ಹಾಲ್‌ಗೆ ಹೋಗುವ ದಾರಿ, ಎಲ್ಲ ಇದೆ. ಅರ್ಧ ಜನ ಹಾಲ್‌ಗೆ ಬರುವುದೇ ಊಟದ ಹೊತ್ತಿಗೆ. ಆ ಊಟದ ಬಗ್ಗೆ ಒಂದಕ್ಷರ ಇಲ್ಲ! ಕೇಳಿದರೆ, ‘ಎಲ್ಲಾ ಇದೆ, ನೀವು ಬನ್ನಿ ಮಾರಾಯ್ರೇ’ ಅನ್ನುತ್ತಾರೆ. ಎಲ್ಲಾ ಅಂದರೆ ಎಂಥದು?

ಒಂದು ಕಥೆ ಹೇಳುತ್ತೇನೆ. ಕಾಪು ಕಡೆಯ ಒಂದು ಮದುವೆ. ಹುಡುಗಿಯ ಅಪ್ಪ ಹಿಂದಿನ ದಿನವೇ ನನ್ನ ಬಾಯಿ ಕಟ್ಟಿದ್ದರು. ‘ಮೆನು ಯಾರಿಗೂ ಹೇಳಬೇಡಿ ಭಟ್ರೇ, ಸರ್‌ಪ್ರೈಸ್ ಇರಲಿ.’ ಆಯಿತು ಅಂದೆ.

ಮೊದಲ ಪಂಕ್ತಿಯಲ್ಲಿ ಒಬ್ಬರು ರಿಟೈರ್ ಆದ ಮಾಸ್ಟ್ರು ಕೂತಿದ್ದರು. ನನಗೆ ಹಳೇ ಪರಿಚಯ. ಸಕ್ಕರೆ ಕಾಯಿಲೆ ಇದೆ. ಮದುವೆ, ಜಂಬರಕ್ಕೆ ಹೋದರೆ ಒಂದೇ ಒಂದು ಸಿಹಿ ಅಂತ ಹೆಂಡತಿಗೆ ಮಾತು ಕೊಟ್ಟವರು. ಅವರ ಹೆಂಡತಿ ಎದುರಿನ ಸಾಲಿನಲ್ಲೇ ಕೂತಿದ್ದರು, ಬೇರೆ ಹೇಳಬೇಕಾ? ಸಾರು ಆಯಿತು, ಗುಳ್ಳದ ಹುಳಿ ಆಯಿತು, ಅನಾನಸು ಮೆಣಸ್ಕಾಯಿ ಆಯಿತು. ಜಿಲೇಬಿ ಬಂತು. ಮಾಸ್ಟ್ರಿಗೆ ಜಿಲೇಬಿ ಅಂದರೆ ಅಷ್ಟಕ್ಕಷ್ಟೇ. ಆದರೂ ಮುಂದೆ ಏನು ಬರುತ್ತದೋ ಇಲ್ಲವೋ ಅಂತ ಹಾಕಿಸಿಕೊಂಡು ತಿಂದರು. ಆಮೇಲೆ ಕಾಯಿ ಹೋಳಿಗೆ ಬಂತು. ಎಲೆಗೆ ಕೈ ಅಡ್ಡ ಹಿಡಿದರು. ಅದರ ಹಿಂದೆಯೇ ಬಂತು, ಹಯಗ್ರೀವ.

ನಮ್ಮೂರಿನ ಹಯಗ್ರೀವ ಅಂದರೆ ನಿಮಗೆ ಗೊತ್ತಲ್ವಾ? ಕಡಲೆಬೇಳೆ, ಬೆಲ್ಲ, ಕಾಯಿತುರಿ, ತುಪ್ಪ. ಬೇಳೆ ಬೆರಳಲ್ಲಿ ಒತ್ತಿದರೆ ಮಿದುವಾಗಬೇಕು, ಪಾತ್ರೆಯಲ್ಲಿ ಮಾತ್ರ ಬಿಡಿಬಿಡಿಯಾಗಿ ಕಾಣಬೇಕು. ಬೇಳೆ ಪೂರ್ತಿ ಬೇಯುವ ಮೊದಲೇ ಬೆಲ್ಲ ಹಾಕಿದಿರೋ, ಮತ್ತೆ ಅದು ಬೇಯುವುದಿಲ್ಲ. ಈಗಿನ ಹುಡುಗರು ಕುಕ್ಕರಿನಲ್ಲಿ ಕೂಗಿಸಿ ಪಾಯಸ ಮಾಡಿಬಿಡುತ್ತಾರೆ. ಅದಿರಲಿ. ಮಾಸ್ಟ್ರಿಗೆ ಅದು ಜೀವ. ಎಲೆಯ ಮೇಲಿನ ಕೈ ತೆಗೆಯಲಿಲ್ಲ. ಕಣ್ಣು ಮಾತ್ರ ಬಡಿಸುವವನ ಪಾತ್ರೆಯ ಹಿಂದೆಯೇ ಹೋಯಿತು.

ಕೈ ತೊಳೆದು ಸೀದಾ ಅಡುಗೆ ಕೋಣೆಗೆ ಬಂದರು. ‘ಏನು ಭಟ್ರೇ, ಸಿಲೆಬಸ್ ಕೊಡದೆ ಪರೀಕ್ಷೆ ಇಡುವುದಾ?’ ಒಂದು ದೊನ್ನೆಯಲ್ಲಿ ಗುಟ್ಟಾಗಿ ಕೊಡಲಾ ಅಂತ ಕೇಳಿದೆ. ‘ಬೇಡ, ಮಾತು ಕೊಟ್ಟಾಗಿದೆ’ ಅಂದರು. ಆ ಸರ್‌ಪ್ರೈಸ್‌ನಿಂದ ಯಾರಿಗೆ ಏನು ಸಿಕ್ಕಿತು, ನೀವೇ ಹೇಳಿ. ಅದಕ್ಕೇ ಅನ್ನುವುದು, ಮೊದಲೇ ಹೇಳಿಬಿಡಿ.

ಸಮಯ ಆಗುತ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಮಾಸ್ಟ್ರದ್ದು ಆಸೆಯ ಪ್ರಶ್ನೆ. ಕೆಲವರಿಗೆ ಜೀವದ ಪ್ರಶ್ನೆ. ಗೋಡಂಬಿ ಆಗದವರಿದ್ದಾರೆ. ಪಾಯಸದ ಗೋಡಂಬಿ ಕಣ್ಣಿಗೆ ಕಾಣುತ್ತದೆ, ಕುರ್ಮಕ್ಕೆ ಅರೆದು ಹಾಕಿದ್ದು ಕಾಣುತ್ತದಾ? ಡಬ್ಬಿಯ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಸೇರಿಸಿರುತ್ತಾರೆ. ಗೋಧಿ ಆಗದವರು ಸಾರನ್ನೂ ಯೋಚಿಸಿಯೇ ಹಾಕಿಸಿಕೊಳ್ಳಬೇಕು. ಬದನೆ ತಿಂದರೆ ಮೈ ತುರಿಸುವವರು, ಪತ್ರೊಡೆ ತಿಂದರೆ ಗಂಟಲು ಕೆರೆಯುವವರು ಮನೆಗೊಬ್ಬರು ಸಿಗುತ್ತಾರೆ. ಮೀನು, ಕೋಳಿ ಮಾಡುವ ಮದುವೆಯಲ್ಲೂ ಅಷ್ಟೇ. ಸಿಗಡಿ ಆಗದವರಿಗೆ ಸಿಗಡಿ ಇದೆ ಅಂತ ಗೊತ್ತಿರಬೇಕು. ಕಾರ್ಕಳ, ಮೂಡುಬಿದಿರೆಯ ಜೈನ ನೆಂಟರು ಗೆಡ್ಡೆ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವರನ್ನು ರಾತ್ರಿ 8 ಗಂಟೆಯ ರಿಸೆಪ್ಶನ್ನಿಗೆ ಕರೆದು ಐಸ್‌ಕ್ರೀಮ್ ತೋರಿಸುವುದು ಯಾವ ಸೀಮೆಯ ಸತ್ಕಾರ?

ಎಲೆ ಹಾಕುವುದು ಎಷ್ಟು ಗಂಟೆಗೆ ಅಂತಲೂ ಬರೆಯಿರಿ. ಇನ್ಸುಲಿನ್ ಚುಚ್ಚಿಕೊಂಡು ಕೂತವರಿಗೆ ಊಟ ಒಂದು ಗಂಟೆ ತಡವಾದರೆ ತಲೆ ಸುತ್ತುತ್ತದೆ.

ಜಂಬ ಅಂದುಕೊಳ್ಳುತ್ತಾರೆ ಅನ್ನುತ್ತೀರಾ? ಚಿನ್ನ, ಸೀರೆ, ಡ್ರೋನ್ ಎಲ್ಲ ತೋರಿಸುವಾಗ ಇಲ್ಲದ ನಾಚಿಕೆ ಪಲ್ಯದ ಹೆಸರು ಹೇಳುವಾಗ ಯಾಕೆ? ಕಾಗದದಲ್ಲಿ ಜಾಗ ಇಲ್ಲದಿದ್ದರೆ ವಾಟ್ಸಾಪ್ ಇದೆಯಲ್ಲ. ಸುಮ್ನೆ ನಾಲ್ಕು ಸಾಲು ಸಾಕು. ಏನೇನು ಅಡುಗೆ, ಯಾವುದರಲ್ಲಿ ಗೋಡಂಬಿ, ಎಲೆ ಎಷ್ಟು ಗಂಟೆಗೆ, ಏನಾದರೂ ಆಗದಿದ್ದರೆ ಯಾರಿಗೆ ಫೋನ್ ಮಾಡಬೇಕು. ನಾಲ್ಕು ದಿನ ಮೊದಲು ಗೊತ್ತಾದರೆ ಬೇರೆ ಪಾತ್ರೆಯಲ್ಲಿ ಮಾಡಿ ಕೊಡಲಿಕ್ಕೆ ನನಗೇನೂ ಕಷ್ಟ ಇಲ್ಲ. ಪಂಕ್ತಿಯಲ್ಲಿ ಕೂತು ಹೇಳಿದರೆ ನಾನೆಂಥ ಮಾಡಲಿ?

ಆ ಮಾಸ್ಟ್ರು ಈಗ ಯಾವ ಮದುವೆಗೆ ಹೊರಟರೂ ಮೊದಲು ನನಗೆ ಫೋನ್ ಮಾಡುತ್ತಾರೆ. ನನ್ನ ಅಡುಗೆ ಇಲ್ಲದ ಮದುವೆಗೂ! ಈಗ ರೇಡಿಯೋ ಕೇಳುತ್ತಿದ್ದರೆ ಇಲ್ಲೇ ಹೇಳಿಬಿಡುತ್ತೇನೆ. ಭಾನುವಾರ ಹಯಗ್ರೀವ ಇದೆ ಮಾಸ್ಟ್ರೇ, ಜಿಲೇಬಿ ಮುಟ್ಟಬೇಡಿ. ನಮಸ್ಕಾರ.