ಬಾಯಿ ಬಿಡದ ಅಜ್ಜ

ಈಗ ಸ್ಕ್ರೀನ್ ಮೇಲೆ ಇರುವುದು ಬರೀ ಒಂದು ಬೂದು ಉಂಡೆ. ಇದೇ ಇನ್ನು ಸ್ವಲ್ಪ ಹೊತ್ತಿಗೆ ಅಜ್ಜ ಆಗಬೇಕು.

ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಗ್ರಾಬ್ ಬ್ರಷ್ ಹಿಡಿದು ಕೆಳಗೆ ಎಳೆದೆ, ಗದ್ದ ಬಂತು. ಒಳಗೆ ತಳ್ಳಿದೆ, ಕಣ್ಣಿನ ಗುಳಿ ಬಂತು. ಸಿಮೆಟ್ರಿ ಆನ್ ಇದೆ, ಹಾಗಾಗಿ ಎಡಗಡೆ ಮಾಡಿದ್ದೆಲ್ಲ ಬಲಗಡೆಯೂ ತಾನಾಗಿ ಆಗುತ್ತದೆ. ಈಗ ಕ್ಲೇ ಸ್ಟ್ರಿಪ್ಸ್ ಬ್ರಷ್. ಪೆನ್ ಒತ್ತಿದಷ್ಟೂ ಕೆನ್ನೆ ಮೇಲೆ ದಪ್ಪ ದಪ್ಪ ಪಟ್ಟಿ ಮೆತ್ತಿಕೊಳ್ಳುತ್ತದೆ. ಕಂಟ್ರೋಲ್ ಹಿಡಿದರೆ ಅದೇ ಬ್ರಷ್ ಕೆರೆಯುತ್ತದೆ, ಶಿಫ್ಟ್ ಹಿಡಿದರೆ ನುಣುಪು ಮಾಡುತ್ತದೆ. ನಿಜ ಹೇಳಬೇಕೆಂದರೆ ನನ್ನ ಅರ್ಧ ಕೆಲಸ ಈ ಶಿಫ್ಟ್‌ದೇ.

ಶುರುವಿನಲ್ಲಿ ನನಗೊಂದು ಚಾಳಿ ಇತ್ತು. ಮೂಗು ಇನ್ನೂ ಸರಿಯಾಗಿ ಕೂತಿರುತ್ತಿರಲಿಲ್ಲ, ಆಗಲೇ ಚರ್ಮದ ರಂಧ್ರ ಕೆತ್ತಲು ಹೋಗುತ್ತಿದ್ದೆ. ಉಂಡೆಯ ಮೈಯೆಲ್ಲ ಸಣ್ಣ ಸಣ್ಣ ಚೌಕಗಳದ್ದು, ಸೂಕ್ಷ್ಮ ಕೆತ್ತನೆಗೆ ಅವನ್ನು ಇನ್ನೂ ಒಡೆಯಬೇಕು. ಅದಕ್ಕೆ ಸಬ್‌ಡಿವೈಡ್ ಮೇಲೆ ಸಬ್‌ಡಿವೈಡ್. ಒಂದೊಂದು ಸಲಕ್ಕೂ ಪ್ರತಿ ಚೌಕ 4 ಆಗುತ್ತದೆ. 6 ಚೌಕಗಳ ಡಬ್ಬಿ 6 ಸಲಕ್ಕೆ 24,576 ಚೌಕ ಆಗುತ್ತದೆ, 10 ಸಲಕ್ಕೆ 62 ಲಕ್ಷ ದಾಟುತ್ತದೆ! ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ ಹೀಗೆ ಒಡೆದು ನುಣುಪಾಗಿಸುವ ಲೆಕ್ಕವನ್ನು 1978ರಲ್ಲೇ ಬರೆದಿಟ್ಟರು. ಅದನ್ನು ಹೊರಲಾಗದೆ ಒದ್ದಾಡಿದ್ದು ನನ್ನ ಲ್ಯಾಪ್‌ಟಾಪ್. ದೊಡ್ಡ ಆಕಾರ ಸರಿಯಾಗುವವರೆಗೆ ಕಡಿಮೆ ಚೌಕಗಳಲ್ಲೇ ಇರಿ, ಅಷ್ಟೇ.

ಸರಿ, ಅಜ್ಜ ಮುಗಿದ. ಹಣೆಯ ಸುಕ್ಕು, ಜೋತುಬಿದ್ದ ಕಿವಿ, ಎಲ್ಲ ಚೆನ್ನಾಗಿ ಬಂದಿತ್ತು. ಮುಖ ಅಲುಗಾಡಿಸಲು ಒಳಗೆ ಮೂಳೆ ಜೋಡಿಸಿ ದವಡೆ ಕೆಳಗಿಳಿಸಿದೆ. ನೋಡಿ ಏನಾಯ್ತು... ಮೇಲ್ತುಟಿಯೂ ಜೊತೆಗೇ ಇಳಿಯಿತು! ವೋಕ್ಸೆಲ್ ರೀಮೆಶ್, ಅಂದರೆ ಇಡೀ ಆಕಾರಕ್ಕೆ ಹೊಸದಾಗಿ ಸಮನಾದ ಚೌಕ ಹಾಕುವುದು, ಮಾಡುವಾಗ ತಾಗಿಕೊಂಡಿದ್ದ ತುಟಿಗಳು ಅಂಟಿ ಒಂದೇ ಆಗಿಬಿಟ್ಟಿದ್ದವು. ನಾನು ಬಾಯಿ ಅಂದುಕೊಂಡಿದ್ದು ಬರೀ ಒಂದು ಗೀರು.

ಸೀಳಿ ನೋಡಿದೆ. ಆಗ ಬಾಯಿಯ ಮೂಲೆ ಒದ್ದೆ ಕಾಗದದಂತೆ ಮುದುಡಿತು. ರೀಮೆಶ್‌ಗೆ ಇದು ಬಾಯಿ, ಇದು ಕಣ್ಣು ಅಂತೆಲ್ಲ ಗೊತ್ತಿಲ್ಲ ಅಲ್ವಾ? ಸುಮ್ನೆ ಗ್ರಾಫ್ ಹಾಳೆಯ ಹಾಗೆ ಚೌಕ ಹಾಕುತ್ತಾ ಹೋಗುತ್ತದೆ. ಆದರೆ ತುಟಿ ಚಲಿಸಬೇಕಾದರೆ ಗೆರೆಗಳು ಅದರ ಸುತ್ತ ಬಳೆ ಬಳೆಯಾಗಿ ಬರಬೇಕು. ರೆಪ್ಪೆಗೂ ಹಾಗೇ.

ಅದಕ್ಕೆ ಬೇಕು ರೀಟೋಪಾಲಜಿ. ಕೆತ್ತಿದ ಮುಖದ ಮೇಲೆ ಕೈಯಾರೆ ಒಂದೊಂದೇ ಚೌಕ ಕೂರಿಸುವ ಕೆಲಸ. ಬೇಜಾರಿನದು, ಅದಕ್ಕೇ ವಿಡಿಯೋದ ಈ ಭಾಗವನ್ನು ಓಡಿಸಿ ತೋರಿಸುತ್ತಿದ್ದೇನೆ. ಈ ಸಲ ತುಟಿಗಳನ್ನು ಮೊದಲೇ ಸ್ವಲ್ಪ ಬಿಡಿಸಿಟ್ಟೆ. ಸುಕ್ಕುಗಳನ್ನು ನಾರ್ಮಲ್ ಮ್ಯಾಪ್‌ಗೆ ಬೇಕ್ ಮಾಡಿದೆ, ಅಂದರೆ ಉಬ್ಬು ತಗ್ಗಿನ ಭ್ರಮೆ ಕೊಡುವ ಒಂದು ಚಿತ್ರಕ್ಕೆ ಇಳಿಸಿದೆ. ಮೂಗಿನ ಮೇಲಿನ ನರಹುಲಿ ಮಾತ್ರ ಅದಕ್ಕೆ ಬಗ್ಗಲಿಲ್ಲ. ನಾರ್ಮಲ್ ಮ್ಯಾಪ್ ಬೆಳಕಿಗಷ್ಟೇ ಮೋಸ ಮಾಡುತ್ತದೆ, ಅಂಚು ಬದಲಾಗುವುದಿಲ್ಲ. ಪಕ್ಕದಿಂದ ನೋಡಿದರೆ ನರಹುಲಿ ಮಾಯ! ಅದನ್ನು ಮೆಶ್‌ನಲ್ಲೇ, ಅಂದರೆ ಚೌಕಗಳ ಬಲೆಯಲ್ಲೇ, ಎತ್ತಬೇಕಾಯಿತು.

ಈಗ ದವಡೆ ಇಳಿಸುತ್ತೇನೆ. ಬಿಟ್ಟ, ಅಜ್ಜ ಬಾಯಿ ಬಿಟ್ಟ! ಒಳಗೆ ಹಲ್ಲಿಲ್ಲ. ಪರವಾಗಿಲ್ಲ, ಅಜ್ಜ ತಾನೇ. ಆದರೆ ನಾಲಿಗೆಯೂ ಇಲ್ಲ.

ಹೊಸ ಫೈಲ್. ಮತ್ತೆ ಒಂದು ಬೂದು ಉಂಡೆ.