ನಾಮಕರಣದ ದಿನ ಒದ್ದೆಯಾದ ರವಿಕೆ

ಈ ರೇಷ್ಮೆ ರವಿಕೆ ನೋಡಿ. ಎಡಗಡೆ ಅಂಗೈಯಗಲ ಕಲೆ ಕಾಣುತ್ತಾ? ಮಗಳ ನಾಮಕರಣದ ದಿನ ಆಗಿದ್ದು. ಸೋದರತ್ತೆ ಅವಳ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಅವಳು ಒಂದೇ ಸಲ ಚೀರಿದಳು. ನನ್ನ ಎದೆ ಜುಮ್ ಅಂದಿತು. ನೋಡಿಕೊಳ್ಳುವಷ್ಟರಲ್ಲಿ ರವಿಕೆ ಒದ್ದೆ. ಅಮ್ಮ ಏನೂ ಮಾತಾಡದೆ ನನ್ನ ಸೆರಗು ಸರಿಮಾಡಿದರು.

ಅವತ್ತು ನನಗೆ ತುಂಬಾ ನಾಚಿಕೆಯಾಗಿತ್ತು. ನಾಚುವಂಥದ್ದು ಏನೂ ಇರಲಿಲ್ಲ. ಮಗುವಿನ ಅಳು ಕೇಳಿದರೆ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಬಿಡುಗಡೆಯಾಗಿ ಹಾಲು ತಾನಾಗಿ ಇಳಿಯುತ್ತದೆ. ಪಕ್ಕದ ಮನೆ ಮಗು ಅತ್ತರೂ ಸಾಕು! ಒಂದು ಕಡೆ ಕುಡಿಸುವಾಗ ಇನ್ನೊಂದು ಕಡೆ ಸೋರುವುದೂ ಇದರಿಂದಲೇ. ಕೆಲವು ಬಾಣಂತಿಯರಿಗೆ ಸೋರುವುದೇ ಇಲ್ಲ. ಹಾಗಂತ ಅವರಿಗೆ ಹಾಲು ಕಡಿಮೆ ಅಂತ ಅರ್ಥ ಅಲ್ಲ, ದಯವಿಟ್ಟು ಯಾರೂ ಹಾಗೆ ಅನ್ನಬೇಡಿ.

ಈಗ ಸೋರುವ ಹಾಲು ಹೀರಲು ಬ್ರಾ ಒಳಗೆ ಇಟ್ಟುಕೊಳ್ಳುವ ಪ್ಯಾಡ್ ವಿಷಯ. ಮೂರು ಥರದ್ದನ್ನೂ ಟೇಬಲ್ ಮೇಲೆ ಇಟ್ಟು ಎರಡೆರಡು ಚಮಚ ನೀರು ಹಾಕಿದೆ. ಅಮ್ಮ ಹಳೆ ಪಂಚೆ ಹರಿದು ಮಡಿಸಿಕೊಟ್ಟ ಬಟ್ಟೆ ನೀರನ್ನು ಬೇಗ ಹೀರಿತು, ಆದರೆ ಕೆಳಗೆ ಟೇಬಲ್ಲೂ ಒದ್ದೆಯಾಯಿತು. ಒಗೆದು ಬಳಸುವ ಪ್ಯಾಡ್ ನಿಧಾನವಾಗಿ ಕುಡಿಯಿತು, ಹಿಂದುಗಡೆ ಪದರ ಇರುವುದರಿಂದ ಕೆಳಗೆ ಇಳಿಯಲಿಲ್ಲ. ಬಿಸಾಡುವ ಪ್ಯಾಡ್ ಒಳಗೆ ಡೈಪರಿನಲ್ಲಿರುವಂಥದ್ದೇ ಪುಡಿ ಇದೆ, ನೀರು ಬಿದ್ದರೆ ಜೆಲ್ ಆಗುತ್ತದೆ. ಮುಟ್ಟಿದರೆ ಮೇಲ್ಭಾಗ ಒಣಗಿದ ಹಾಗೇ ಇತ್ತು.

ಹಾಗಾಗಿ ಮನೆಯಲ್ಲಿ ನಾನು ಒಗೆಯುವ ಹತ್ತಿ ಪ್ಯಾಡ್ ಹಾಕಿಕೊಳ್ಳುತ್ತೇನೆ. ಹೊರಗೆ ಹೋಗುವಾಗ ಮಾತ್ರ ಬಿಸಾಡುವುದು, ಅದರ ಹಿಂದಿನ ಅಂಟು ಬ್ರಾಗೆ ಕಚ್ಚಿಕೊಳ್ಳುವುದರಿಂದ ಜಾರುವುದಿಲ್ಲ. ಕೊಳ್ಳುವಾಗ ಚರ್ಮಕ್ಕೆ ತಾಗುವ ಕಡೆಯನ್ನು ಕೆನ್ನೆಗೆ ಉಜ್ಜಿ ನೋಡಿ. ಒರಟು ಅನ್ನಿಸಿದರೆ ಬೇಡವೇ ಬೇಡ. ತೊಟ್ಟು ಮೊದಲೇ ನೋಯುತ್ತಿರುತ್ತದೆ, ಅಲ್ವಾ? ಬಟ್ಟೆ ಪ್ಯಾಡಿಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಹೀರುವ ಗುಣ ಹೋಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೇ ದುಬಾರಿ ಪ್ಯಾಡ್ ಆಗಲಿ, ಒದ್ದೆಯಾದರೆ ತಕ್ಷಣ ಬದಲಿಸಿ. ತೇವ ಹಾಗೇ ಇದ್ದರೆ ಚರ್ಮ ಮೆತ್ತಗಾಗಿ ಬಿರಿಯುತ್ತದೆ, ಫಂಗಸ್ ಕೂಡ ಆಗಬಹುದು. ಉರಿ, ಕೆಂಪು ಕಂಡರೆ ಡಾಕ್ಟರಿಗೆ ತೋರಿಸಿ. ಪ್ಯಾಡ್ ಒಣಗಿ ತೊಟ್ಟಿಗೆ ಅಂಟಿದ್ದರೆ ಎಳೆಯಬೇಡಿ. ಉಗುರು ಬೆಚ್ಚಗಿನ ನೀರು ಚಿಮುಕಿಸಿ, ಒಂದು ನಿಮಿಷ ಬಿಡಿ, ತಾನೇ ಬಿಟ್ಟುಕೊಳ್ಳುತ್ತದೆ.